ಐದು ಗುಂಡು ಹೊಡೆದು ಬ್ಯಾರೆಲ್ ಬದಲಾಯಿಸಬೇಡಿ

ಓದುಗರ ಪ್ರಶ್ನೆ: ಸರ್, ನಾನು ಸಿಂಧನೂರು ಕಡೆಯವನು. ಕ್ರೀಡೆಗೆಂದು ಪಡೆದ ಲೈಸೆನ್ಸ್ ಮೇಲೆ .22 ರೈಫಲ್ ಇದೆ. ಮಲಗಿ ಹೊಡೆಯಲು ಈಗ ಬೆನ್ನು ಬಿಡುವುದಿಲ್ಲ, ಅದಕ್ಕೆ ಬೆಂಚ್‌ರೆಸ್ಟ್ (ಕೂತು, ಮೇಜಿನ ಮೇಲೆ ಮರಳು ಚೀಲಕ್ಕೆ ರೈಫಲ್ ಆನಿಸಿ ಹೊಡೆಯುವುದು) ಶುರು ಮಾಡಿದೆ. ನಾಲ್ಕು ಲಾಟ್ (ಒಂದೇ ಸಲ ತಯಾರಾಗಿ ಒಂದೇ ನಂಬರ್ ಹೊತ್ತವು) ಗುಂಡು ತಂದು ರೇಂಜ್‌ನಲ್ಲಿ 50 ಮೀಟರ್‌ಗೆ ಪರೀಕ್ಷೆ ಮಾಡಿದೆ, ಪ್ರತಿ ಲಾಟ್‌ನಿಂದ ಐದೈದು ಗುಂಡು. ಮೊದಲ ಭಾನುವಾರ ಗ್ರೂಪ್, ಅಂದರೆ ಐದು ತೂತುಗಳ ಹರಡು, 11, 17, 14, 20 ಮಿ.ಮೀ. ಬಂತು. ಮುಂದಿನ ಭಾನುವಾರ ಅದೇ ಲಾಟ್‌ಗಳು, ಅದೇ ಕ್ರಮದಲ್ಲಿ 19, 15, 16, 12. ಪೂರಾ ತಿರುಗುಮುರುಗು. ಆಮೇಲೆ ಬ್ಯಾರೆಲ್ ತುದಿಗೆ ಬಿಗಿಯುವ ತೂಕ, ಟ್ಯೂನರ್, ಹಾಕಿ ಅದರ ಗೆರೆಗಳನ್ನು ಹನ್ನೆರಡು ಕಡೆ ತಿರುಗಿಸಿ ನೋಡಿದೆ. 120ನೇ ಗೆರೆಯಲ್ಲಿ 9 ಮಿ.ಮೀ. ಬಂತು, ಖುಷಿಯಾಯಿತು. ವಾರ ಬಿಟ್ಟು ಅದೇ ಗೆರೆಯಲ್ಲಿ 18. ಒಬ್ಬರು ಬ್ಯಾರೆಲ್ ಸವೆದಿದೆ, ಬದಲಾಯಿಸಿ ಅಂತಾರೆ. ಇನ್ನೊಬ್ಬರು ಟ್ಯೂನರ್ ಸರಿಯಾಗಿ ಕೂಡಿಸಿದರೆ ಎಂಥ ಗುಂಡಾದರೂ ಒಂದೇ ತೂತಿನಲ್ಲಿ ಹೋಗುತ್ತೆ ಅಂತಾರೆ. ನಮ್ಮ ಹುಡುಗ ಸುಮ್ನೆ ದುಡ್ಡು ಸುಡ್ತಿದೀರಿ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಬ್ಯಾರೆಲ್ ಬದಲಾಯಿಸಬೇಡಿ. ಟ್ಯೂನರ್ ಬಿಚ್ಚಿ ಸದ್ಯಕ್ಕೆ ಡಬ್ಬಿಯಲ್ಲಿಡಿ. ನಿಮ್ಮ ರೈಫಲ್ ಕೆಟ್ಟಿದೆ ಅನ್ನಲು ನೀವು ಬರೆದ ಅಂಕಿಗಳಲ್ಲಿ ಯಾವ ಸುಳಿವೂ ಇಲ್ಲ.

ನಿಮ್ಮ ಗೊಂದಲ ಅರ್ಥವಾಗುತ್ತೆ. ರೈಫಲ್ ಅದೇ, ಗುಂಡು ಅದೇ, ಹೊಡೆದವರೂ ನೀವೇ. ಆದರೂ ಹೋದ ವಾರ ಮೊದಲು ಬಂದದ್ದು ಈ ವಾರ ಕೊನೆಗೆ ಬಂತು ಅಂದರೆ ಎಲ್ಲೋ ಏನೋ ಸಡಿಲಾಗಿದೆ ಅನ್ನಿಸುವುದು ಸಹಜ. ಬಳ್ಳಾರಿಯಲ್ಲಿ ನನ್ನ ಹತ್ತಿರ ರೈಫಲ್ ತೋರಿಸಲು ಬರುವವರಲ್ಲಿ ಬಹಳ ಜನ ಇದೇ ಮಾತಿನಿಂದ ಶುರು ಮಾಡುತ್ತಾರೆ. ಜೇಬಿನಲ್ಲಿ ಮಡಿಚಿಟ್ಟ ಒಂದು ಟಾರ್ಗೆಟ್ ಕಾಗದ ಇರುತ್ತೆ, ಐದೂ ಗುಂಡು ಒಂದೇ ತೂತಿನಲ್ಲಿ ಹೋದದ್ದು. "ಇದು ಹೊಡೆಯುತ್ತೆ ಸರ್, ಈಗ ಯಾಕೋ ಹೊಡೀತಿಲ್ಲ" ಅಂತಾರೆ. ಅದೇ ದಿನ ಹೊಡೆದ ಉಳಿದ ಕಾಗದ ಎಲ್ಲಿ ಅಂತ ಕೇಳಿದರೆ ಎಸೆದುಬಿಟ್ಟಿರುತ್ತಾರೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಎರಡು ಭಾನುವಾರದ ಎಂಟು ಗ್ರೂಪ್ ಕೂಡಿಸಿ ಎಂಟರಿಂದ ಭಾಗಿಸಿದರೆ ಸರಾಸರಿ 15.5 ಮಿ.ಮೀ. ಐದು ಗುಂಡಿನ ಗ್ರೂಪ್‌ಗೆ ಒಂದು ಸ್ವಭಾವ ಇದೆ. ರೈಫಲ್, ಗುಂಡು, ಗಾಳಿ ಯಾವುದೂ ಬದಲಾಗದಿದ್ದರೂ ಅದರ ಅಳತೆ ಸರಾಸರಿಯ ಕಾಲು ಭಾಗಕ್ಕಿಂತ ತುಸು ಜಾಸ್ತಿ ಆಚೀಚೆ ಆಗುತ್ತಲೇ ಇರುತ್ತೆ. ಇದು ಲೆಕ್ಕಶಾಸ್ತ್ರದ ಮಾತು, ಯಾರ ಕೈಗುಣವೂ ಅಲ್ಲ. ಸರಾಸರಿ 15.5 ಇರುವ ರೈಫಲ್‌ನಲ್ಲಿ ಒಂದೇ ಡಬ್ಬಿಯಿಂದ ಎಂಟು ಗ್ರೂಪ್ ಹೊಡೆದರೆ ಚಿಕ್ಕದು 9–10ರ ಹತ್ತಿರ, ದೊಡ್ಡದು 21–22ರ ಹತ್ತಿರ ಬರಬೇಕು. ನಿಮ್ಮದು 11ರಿಂದ 20ರೊಳಗೆ ಇದೆ. ಅಂದರೆ ನಾಲ್ಕು ಲಾಟ್ ಬೇರೆ ಬೇರೆ ಅನ್ನುವುದಕ್ಕೆ ಅಲ್ಲಿ ಇನ್ನೂ ಏನೂ ಸಿಕ್ಕಿಲ್ಲ. ನಾಲ್ಕೂ ಒಂದೇ ಡಬ್ಬಿಯವು ಅಂತ ಯಾರಾದರೂ ಹೇಳಿದರೆ ಆ ಅಂಕಿ ನೋಡಿ ಅಲ್ಲ ಅನ್ನಲು ನನ್ನಿಂದ ಆಗುವುದಿಲ್ಲ.

ಟ್ಯೂನರ್‌ನ 9 ಮಿ.ಮೀ. ಕಥೆಯೂ ಇದೇ. ಹನ್ನೆರಡು ಗ್ರೂಪ್ ಹೊಡೆದರೆ, ಟ್ಯೂನರ್ ಇಲ್ಲದೆಯೂ, ಒಂದು 9ರ ಆಸುಪಾಸು ಬಂದೇ ಬರುತ್ತೆ. ಅದು 120ನೇ ಗೆರೆಯಲ್ಲಿ ಬಂತು, ಅಷ್ಟೇ. ವಾರ ಬಿಟ್ಟು ಬಂದ 18 ಕೂಡ ಮಾಮೂಲಿ ಅಂಕಿಯೇ. ಟ್ಯೂನರ್ ನಿಮಗೆ ಒಳ್ಳೆಯದು ಮಾಡಿದೆ ಅಂತಲೂ, ಕೆಟ್ಟದ್ದು ಮಾಡಿದೆ ಅಂತಲೂ ಹೇಳಲು ಬರುವುದಿಲ್ಲ. ಮಾಡಿದ್ದರೂ ಈ ಪರೀಕ್ಷೆಯಲ್ಲಿ ಅದು ಕಾಣುತ್ತಿರಲಿಲ್ಲ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ, ಎಲ್ಲ ಅಗುಳೂ ಒಂದೇ ಹದಕ್ಕೆ ಬಂದಿರುತ್ತೆ. ಗುಂಡು ಹಾಗಲ್ಲ. ಒಂದೇ ಡಬ್ಬಿಯ ಐವತ್ತು ಗುಂಡಿನಲ್ಲೂ ಮದ್ದು, ಸೀಸ, ಎಣ್ಣೆ ಚೂರು ಚೂರು ಹೆಚ್ಚುಕಮ್ಮಿ. ಐದು ತೆಗೆದು ಡಬ್ಬಿಯ ಗುಣ ಹೇಳಲು ಆಗುವುದಿಲ್ಲ.

ಗ್ರೂಪ್ ಅಳೆಯುವ ರೀತಿಯಲ್ಲೂ ಒಂದು ತೊಂದರೆ ಇದೆ. ಅತಿ ದೂರದ ಎರಡು ತೂತಿನ ನಡುವಿನ ಅಂತರ ಮಾತ್ರ ಅಳೆಯುತ್ತೀರಿ. ನಡುವೆ ಬಿದ್ದ ಮೂರು ಗುಂಡಿಗೂ ದುಡ್ಡು ಕೊಟ್ಟಿದ್ದೀರಿ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಅದರ ಬದಲು ಎಲ್ಲ ತೂತುಗಳ ನಡುಬಿಂದು ಗುರುತಿಸಿ, ಅಲ್ಲಿಂದ ಪ್ರತಿ ತೂತು ಎಷ್ಟು ದೂರ ಅಂತ ಅಳೆದು ಸರಾಸರಿ ತೆಗೆಯಿರಿ. ಇದಕ್ಕೆ ಸರಾಸರಿ ತ್ರಿಜ್ಯ ಅನ್ನೋಣ. ಪ್ರತಿ ಗುಂಡೂ ಇದರಲ್ಲಿ ಮಾತಾಡುತ್ತೆ. ಕೈಯಲ್ಲಿ ಅಳೆಯಲು ಬೇಜಾರಾದರೆ ಟಾರ್ಗೆಟ್ ಫೋಟೊ ತೆಗೆದು ಅಳೆಯುವ ಮೊಬೈಲ್ ಆ್ಯಪ್‌ಗಳಿವೆ. ಹುಡುಗನ ಕೈಗೆ ಕೊಡಿ, ಹತ್ತು ನಿಮಿಷದ ಕೆಲಸ.

ಬ್ಯಾರೆಲ್ ಸವೆದಿದೆ ಅನ್ನುವ ಮಾತು ನಮ್ಮಲ್ಲಿ ತೀರಾ ಬೇಗ ಬಾಯಿಗೆ ಬರುತ್ತೆ. .22 ಗುಂಡು ಮೆತ್ತನೆಯ ಸೀಸ, ಮೇಲೆ ಮೇಣದಂಥ ಲೇಪ, ವೇಗವೂ ಕಡಿಮೆ. ಒಳ್ಳೆಯ ಬ್ಯಾರೆಲ್ ಹತ್ತಾರು ಸಾವಿರ ಗುಂಡು ತಡೆಯುತ್ತೆ. ಗುಂಡಿಗಿಂತ ಹೆಚ್ಚು ಬ್ಯಾರೆಲ್‌ಗಳನ್ನು ಹಾಳು ಮಾಡಿರುವುದು ಕ್ಲೀನಿಂಗ್ ರಾಡ್. ಗೈಡ್ ಹಾಕದೆ ಸ್ಟೀಲ್ ರಾಡ್ ತೂರಿಸಿ, ಬಾಯಿಯ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಸವೆಸುತ್ತಾರೆ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಕೂದಲೆಳೆಯಷ್ಟು ಅಂಚು ಮುರಿದರೂ ಗುಂಡು ವಾಲಿಕೊಂಡು ಹೊರಡುತ್ತೆ. ಇನ್ನೊಂದು, ಗುಂಡು ಕೂರುವ ಚೇಂಬರ್ ಮುಂದೆ ಮಸಿ ಗಟ್ಟಿಯಾಗಿ ಉಂಗುರದ ಥರ ಕೂರುತ್ತೆ. ಅದನ್ನು ತೆಗೆದರೆ "ಸವೆದ" ಬ್ಯಾರೆಲ್ ಎಷ್ಟೋ ಸಲ ಮತ್ತೆ ಸರಿಹೋಗುತ್ತೆ. ಭೂತಗನ್ನಡಿಯಲ್ಲಿ ಬಾಯಿಯ ಅಂಚು ನೋಡಿಸಿ, ಬೋರ್‌ಸ್ಕೋಪ್ ಇದ್ದವರ ಹತ್ತಿರ ಒಳಗೆ ನೋಡಿಸಿ. ಹೊಸ ಬ್ಯಾರೆಲ್ ಮಾತು ಆಮೇಲೆ.

ಗುಂಡಿನ ಪರೀಕ್ಷೆಗೆ ಮುಂಚೆ ಮೂರು ಚಿಕ್ಕ ಕೆಲಸ. ಸ್ಟಾಕ್ ಸ್ಕ್ರೂಗಳನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ, ಕಂಪನಿ ಪುಸ್ತಕದಲ್ಲಿ ಬರೆದ ಅಂಕಿಗೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಿರಿ. ಸ್ಕೋಪ್ 50 ಮೀಟರ್‌ಗೆ ಪ್ಯಾರಲಾಕ್ಸ್ ಸರಿ ಇದೆಯಾ ನೋಡಿ. ರೈಫಲ್ ಮುಟ್ಟದೆ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿದಾಗ ಕ್ರಾಸ್ ಗೆರೆ ಗುರಿಯ ಮೇಲೆ ಓಡಾಡಿದರೆ ಸರಿ ಇಲ್ಲ ಅಂತ. ದೊಡ್ಡ ರೈಫಲ್‌ಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಇದು ಬಹಳ ಸಲ 100 ಗಜಕ್ಕೆ ಕಟ್ಟಿರುತ್ತೆ. ಇನ್ನು ಹಿಂದಿನ ಮರಳು ಚೀಲ. ಒಳಗೆ ಮಣ್ಣೋ ಹಸಿ ಮರಳೋ ಇದ್ದರೆ ಪ್ರತಿ ಸಲ ಬೇರೆ ರೀತಿ ತಗ್ಗುತ್ತೆ. ಜರಡಿ ಹಿಡಿದು ಚೆನ್ನಾಗಿ ಒಣಗಿಸಿದ ಹೊಳೆ ಮರಳು ಗಟ್ಟಿಯಾಗಿ ತುಂಬಿಸಿ.

ಈಗ ಗುಂಡು. .22 ರಿಮ್‌ಫೈರ್ (ಕಿಡಿ ಹತ್ತಿಸುವ ಮದ್ದು ತಳದ ಅಂಚಿನೊಳಗೇ ಇರುವಂಥದ್ದು) ಆಗಿರುವುದರಿಂದ ಮನೆಯಲ್ಲಿ ಮದ್ದು ಅಳೆದು ತುಂಬುವ ದಾರಿ ಇಲ್ಲ. ದೊಡ್ಡ ರೈಫಲ್‌ನ ಬೆಂಚ್‌ರೆಸ್ಟ್‌ನವರು ಮದ್ದಿನ ತೂಕ, ಗುಂಡು ಕೂರಿಸುವ ಆಳ ಎಲ್ಲ ಬದಲಾಯಿಸಿಕೊಳ್ಳುತ್ತಾರೆ. ನಿಮಗೆ ಇರುವ ಆಯ್ಕೆ ಲಾಟ್ ಒಂದೇ. ಅದಕ್ಕೇ ಈ ಆಟದಲ್ಲಿ ಲಾಟ್ ಪರೀಕ್ಷೆಗೆ ಅಷ್ಟು ಬೆಲೆ. ಬರ್ಮಿಂಗ್‌ಹ್ಯಾಮ್‌ನ ಇಲೇ, ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಕೇಂದ್ರ, ಇಂಥ ಗುಂಡು ಕಂಪನಿಗಳ ಕಡೆ ಶೂಟರ್‌ಗಳು ತಮ್ಮ ರೈಫಲ್ ಹೊತ್ತುಕೊಂಡು ಹೋಗಿ ಹಲವು ಲಾಟ್ ಹೊಡೆಸಿ ನೋಡಿ ಕೊಳ್ಳುತ್ತಾರೆ. ನಮಗೆ ಆ ಅನುಕೂಲ ಇಲ್ಲ. ಬಂದ ಲಾಟ್‌ಗಳಲ್ಲೇ ಆರಿಸಿಕೊಳ್ಳಬೇಕು.

ಲಾಟ್ ಬದಲಾದರೆ ಏನು ಬದಲಾಗುತ್ತೆ? ಮುಖ್ಯವಾಗಿ ವೇಗ, ಮತ್ತು ವೇಗ ಒಂದು ಗುಂಡಿನಿಂದ ಇನ್ನೊಂದಕ್ಕೆ ಎಷ್ಟು ಏರುಪೇರಾಗುತ್ತೆ ಅನ್ನುವುದು. ಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 325–330 ಮೀಟರ್ ವೇಗದಲ್ಲಿ ಹೊರಡುತ್ತೆ. 50 ಮೀಟರ್ ಮುಟ್ಟುವಷ್ಟರಲ್ಲಿ 12 ಸೆಂಟಿಮೀಟರ್‌ಗಿಂತ ಜಾಸ್ತಿ ಕೆಳಗೆ ಬಿದ್ದಿರುತ್ತೆ, ಸ್ಕೋಪ್ ಅದನ್ನು ಸರಿದೂಗಿಸುತ್ತೆ. ವೇಗ ಸೆಕೆಂಡಿಗೆ ಬರೀ 1 ಮೀಟರ್ ಕಡಿಮೆಯಾದರೆ ಗುಂಡು ಸುಮಾರು 0.8 ಮಿ.ಮೀ. ಕೆಳಗೆ ಬೀಳುತ್ತೆ. 50 ಮೀಟರ್‌ನ ಎಲೆಕ್ಟ್ರಾನಿಕ್ ಗುರಿಯಲ್ಲಿ 0.1 ಅಂಕದ ಅಗಲವೂ ಅಷ್ಟೇ, 0.8 ಮಿ.ಮೀ. ಡಬ್ಬಿಯ ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ 10 ಮೀಟರ್ ಅಂತರ ಇದ್ದರೆ, ಮೇಲೆ ಕೆಳಗೆ 8 ಮಿ.ಮೀ. ಅಲ್ಲೇ ಹೋಯಿತು. ನೀವು ಎಷ್ಟು ಚೆನ್ನಾಗಿ ಟ್ರಿಗರ್ ಎಳೆದರೂ ಅದು ವಾಪಸ್ ಬರುವುದಿಲ್ಲ.

ವೇಗ ಜಾಸ್ತಿ ಇದ್ದರೆ ನಿಖರತೆ ಜಾಸ್ತಿ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಹೈ ವೆಲಾಸಿಟಿ ಅಂತ ಬರೆದ .22 ಗುಂಡು ಶಬ್ದದ ವೇಗಕ್ಕಿಂತ ಮೇಲೆ ಹೊರಟು, ದಾರಿಯಲ್ಲಿ ಅದರ ಕೆಳಗೆ ಇಳಿಯುತ್ತೆ. ಇಳಿಯುವಾಗ ಅಲುಗಾಡುತ್ತೆ. ಮ್ಯಾಚ್ ಗುಂಡನ್ನು ಬೇಕೆಂದೇ ಶಬ್ದದ ವೇಗದ ಕೆಳಗೆ ಇಟ್ಟಿರುತ್ತಾರೆ.

ದುಬಾರಿಯದೇ ಒಳ್ಳೆಯದು ಅನ್ನುವುದು ಅರ್ಧ ನಿಜ. ದುಬಾರಿ ಗುಂಡಿನಲ್ಲಿ ಏರುಪೇರು ಕಡಿಮೆ. ಆದರೆ ನಿಮ್ಮ ಚೇಂಬರ್, ನಿಮ್ಮ ಬ್ಯಾರೆಲ್‌ಗೆ ಮಧ್ಯಮ ಬೆಲೆಯ ಒಂದು ಲಾಟ್ ಕೂತುಬಿಟ್ಟರೆ, ದುಬಾರಿಯದರ ಒಗ್ಗದ ಲಾಟ್ ಅದರ ಮುಂದೆ ನಿಲ್ಲುವುದಿಲ್ಲ. ಡಬ್ಬಿ ಮೇಲಿನ ಹೆಸರಿಗಿಂತ ಲಾಟ್ ನಂಬರ್ ಮುಖ್ಯ. ಇಲೇ ಡಬ್ಬಿಯಲ್ಲಿ ಆ ಲಾಟ್‌ನ ವೇಗವನ್ನೂ ಅಚ್ಚು ಹಾಕಿರುತ್ತಾರೆ, ಅಡಿ ಲೆಕ್ಕದಲ್ಲಿ. ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಗುಂಡುಗಳನ್ನು ತಕ್ಕಡಿಯಲ್ಲಿ ತೂಗಿ, ಅಂಚಿನ ದಪ್ಪ ಅಳೆದು ವಿಂಗಡಿಸುವವರೂ ಇದ್ದಾರೆ. ಒಳ್ಳೆಯ ಮ್ಯಾಚ್ ಗುಂಡಿನಲ್ಲಿ ಇದರಿಂದ ಸಿಗುವ ಲಾಭ ಕಡಿಮೆ. ಸಂಜೆ ಹೊತ್ತು ಕಳೆಯಲು ಅಡ್ಡಿಯಿಲ್ಲ.

ಇದೆಲ್ಲದರ ಮೇಲೆ ನಮ್ಮ ಕಡೆಯ ಗಾಳಿ ಮತ್ತು ಬಿಸಿಲು. ಸೆಕೆಂಡಿಗೆ 1 ಮೀಟರ್ ಅಡ್ಡ ಗಾಳಿ ಮುಖಕ್ಕೆ ತಾಗಿದ್ದೂ ಗೊತ್ತಾಗುವುದಿಲ್ಲ. 50 ಮೀಟರ್‌ನಲ್ಲಿ ಅಷ್ಟು ಗಾಳಿ ಗುಂಡನ್ನು ಸುಮಾರು 7 ಮಿ.ಮೀ. ಪಕ್ಕಕ್ಕೆ ತಳ್ಳುತ್ತೆ. ಕೊಪ್ಪಳ, ಬಳ್ಳಾರಿ ಕಡೆ ಮುಂಗಾರಿನ ಗಾಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ನಿಮ್ಮ 11 ಮತ್ತು 20ರ ನಡುವಿನ ವ್ಯತ್ಯಾಸ ಒಂದೇ ಒಂದು ಗಾಳಿಯ ಸೀಳಿನಿಂದ ಬಂದಿದ್ದರೂ ಆಶ್ಚರ್ಯವಿಲ್ಲ.

ಗಾಳಿ ಪಕ್ಕಕ್ಕೆ ಮಾತ್ರ ತಳ್ಳುತ್ತೆ ಅಂತ ತಿಳಿಯಬೇಡಿ. ಬಲಕ್ಕೆ ತಿರುಗುವ ರೈಫ್ಲಿಂಗ್‌ನಲ್ಲಿ (ಬ್ಯಾರೆಲ್ ಒಳಗಿನ ಸುರುಳಿ ಗಾಡಿಗಳು), ಬಲದಿಂದ ಬೀಸಿದ ಗಾಳಿ ಗುಂಡನ್ನು ಎಡಕ್ಕೆ ತಳ್ಳುವುದರ ಜೊತೆ ಸ್ವಲ್ಪ ಮೇಲಕ್ಕೂ ಎತ್ತುತ್ತೆ. ಎಡದಿಂದ ಬೀಸಿದರೆ ಬಲಕ್ಕೆ, ಸ್ವಲ್ಪ ಕೆಳಕ್ಕೆ. ಹಾಗಾಗಿ ಗಡಿಯಾರದ ಹತ್ತು ಗಂಟೆಯಿಂದ ನಾಲ್ಕು ಗಂಟೆ ಕಡೆಗೆ ಓರೆಯಾಗಿ ಉದ್ದನೆಯ ಗ್ರೂಪ್ ಬಿದ್ದರೆ ಗುಂಡಿಗೆ ಬೈಯಬೇಡಿ, ಗಾಳಿ ನೋಡಿ. ಬಾವುಟಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಒಣಗಿದ ಜೋಳದ ದಂಟಿಗೆ ಹಗುರವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ 10, 25, 40 ಮೀಟರ್‌ನಲ್ಲಿ ನೆಡಿ, ಗುಂಡಿನ ದಾರಿಗಿಂತ ತುಸು ಕೆಳಗೆ ಇರಲಿ. ಹತ್ತಿರದ ಬಾವುಟಕ್ಕೆ ಹೆಚ್ಚು ಗಮನ ಕೊಡಿ. ನಿಮ್ಮ ಹತ್ತಿರ ಬೀಸಿದ ಗಾಳಿ ಗುಂಡಿನ ದಿಕ್ಕನ್ನು ಅಲ್ಲೇ ತಿರುಗಿಸುತ್ತೆ, ಆ ತಪ್ಪು ಗುರಿ ಮುಟ್ಟುವವರೆಗೂ ಬೆಳೆಯುತ್ತಾ ಹೋಗುತ್ತೆ.

ಬಿಸಿಲಿನ ವಿಷಯ. ಏಪ್ರಿಲ್, ಮೇನಲ್ಲಿ ರಾಯಚೂರಿನ ಎರೆ ನೆಲದ ಮೇಲೆ ಒಂಬತ್ತು ಗಂಟೆ ದಾಟಿದರೆ ಸ್ಕೋಪ್‌ನಲ್ಲಿ ಗುರಿ ನೀರೊಳಗಿದ್ದ ಹಾಗೆ ನಡುಗುತ್ತೆ. ನಡುಗುವುದಷ್ಟೇ ಆದರೆ ಹೇಗೋ ಸಹಿಸಬಹುದು. ಗಾಳಿ ಬಂದಾಗ ಚಿತ್ರವೇ ಪಕ್ಕಕ್ಕೆ ಸರಿದು ನಿಲ್ಲುತ್ತೆ, ನೀವು ಇಲ್ಲದ ಗುರಿಗೆ ಹೊಡೆಯುತ್ತೀರಿ. ಪರೀಕ್ಷೆ ಬೆಳಿಗ್ಗೆ ಆರೂವರೆಗೆ ಶುರುವಾಗಿ ಎಂಟೂವರೆಗೆ ಮುಗಿಯಲಿ. ಗುಂಡನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಲೇಪ ಕರಗಿ ಡಬ್ಬಿಗೆ ಮೆತ್ತಿಕೊಂಡ ಗುಂಡು ಎಷ್ಟು ದುಬಾರಿಯಾದರೂ ಮ್ಯಾಚ್‌ಗೆ ಬರುವುದಿಲ್ಲ. ಮಂಜುಗಡ್ಡೆ ಹಾಕದ ಥರ್ಮಾಕೋಲ್ ಡಬ್ಬಿ ಸಾಕು. ಇಲ್ಲಿ 38 ಡಿಗ್ರಿಯಲ್ಲಿ ಆರಿಸಿದ ಲಾಟ್ ದೆಹಲಿಯ ಡಿಸೆಂಬರ್ ಚಳಿಯಲ್ಲಿ ಅದೇ ವೇಗ ಕೊಡುವುದಿಲ್ಲ. ದೊಡ್ಡ ಸ್ಪರ್ಧೆ ಚಳಿಗಾಲದಲ್ಲಿ ಇದ್ದರೆ ಕೊನೆಯ ಆಯ್ಕೆಯನ್ನೂ ಚಳಿ ಬಿದ್ದ ಮೇಲೆ ಮಾಡಿ.

ಹಾಗಾದರೆ ಪರೀಕ್ಷೆ ಹೇಗೆ? ನಿಮ್ಮ ನಾಲ್ಕು ಲಾಟ್‌ಗೆ ಅ, ಆ, ಇ, ಈ ಅಂತ ಹೆಸರಿಡಿ. ಟ್ಯೂನರ್ ಬೇಡ. ಮೊದಲ ಬೆಳಿಗ್ಗೆ ಪ್ರತಿ ಲಾಟ್‌ನಿಂದ ಹತ್ತು ಗುಂಡಿನ ಎರಡು ಗ್ರೂಪ್, ಆದರೆ ಒಂದರ ಹಿಂದೆ ಒಂದಲ್ಲ. ಅ, ಆ, ಇ, ಈ ಹೊಡೆದು ಮುಗಿಸಿ, ವಾಪಸ್ ಈ, ಇ, ಆ, ಅ ಅಂತ ಬನ್ನಿ. ಬೆಳಗಾಗುತ್ತಾ ಗಾಳಿ ಏರಿದರೆ ಎಲ್ಲ ಲಾಟ್‌ಗೂ ಸಮನಾಗಿ ಪೆಟ್ಟು ಬೀಳಲಿ. ಕಂಪನಿ ಬದಲಾದಾಗ ಹದಿನೈದು ಇಪ್ಪತ್ತು ಗುಂಡು ಲೆಕ್ಕಕ್ಕಿಲ್ಲದೆ ಹೊಡೆಯಿರಿ. ಒಂದೊಂದು ಕಂಪನಿಯ ಲೇಪ ಒಂದೊಂದು ಥರ, ಹಳೆಯದು ಬ್ಯಾರೆಲ್‌ನಿಂದ ಹೋಗಿ ಹೊಸದು ಕೂರಲು ಅಷ್ಟು ಬೇಕು. ಈ ಹೆಚ್ಚುವರಿ ಗುಂಡು ಉಳಿಸಲು ಹೋಗಿಯೇ ಬಹಳ ಜನರ ಪರೀಕ್ಷೆ ಕೆಡುತ್ತೆ. ನಾಲ್ಕರಲ್ಲಿ ಎರಡು ಒಂದೇ ಕಂಪನಿಯವಾದರೆ ಅವನ್ನು ಪಕ್ಕಪಕ್ಕ ಇಟ್ಟುಕೊಳ್ಳಿ, ಸ್ವಲ್ಪ ಉಳಿಯುತ್ತೆ.

ಲಾಟ್‌ಗೆ 20 ಗುಂಡು ಆದ ಮೇಲೆ ಸರಾಸರಿ ತ್ರಿಜ್ಯ ನೋಡಿ. ಉಳಿದವಕ್ಕಿಂತ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ದೊಡ್ಡದಾದ ಲಾಟ್ ಇದ್ದರೆ ಧೈರ್ಯವಾಗಿ ಕೈಬಿಡಿ. ಅಭ್ಯಾಸಕ್ಕೆ ಬಳಸಿ. ಶೇಕಡಾ 10ರಷ್ಟು ಮುಂದೆ ಹಿಂದೆ ಇದ್ದವನ್ನು ಇನ್ನೂ ಬೇರೆ ಮಾಡಲು ಬರುವುದಿಲ್ಲ. ಅವನ್ನೇ ಇನ್ನೆರಡು ಬೆಳಿಗ್ಗೆ ಹೊಡೆದು ಲಾಟ್‌ಗೆ 60 ಗುಂಡು ತುಂಬಿಸಿ. ಆಗಲೂ ಸಮ ಸಮ ಬಂದರೆ ಎರಡೂ ಒಂದೇ ಅಂತ ತಿಳಿದು, ಯಾವುದು ಜಾಸ್ತಿ ಸಿಗುತ್ತೋ ಅದನ್ನು ಕೊಳ್ಳಿ.

ಇಲ್ಲಿ ನನ್ನದೊಂದು ಪಕ್ಷಪಾತ ಇದೆ, ಹೇಳಿಬಿಡುತ್ತೇನೆ. ಬೆಂಚ್‌ರೆಸ್ಟ್ ಕಾರ್ಡ್‌ನಲ್ಲಿ 25 ಗುರಿ, ಒಂದೊಂದಕ್ಕೆ ಒಂದೇ ಗುಂಡು, ಒಟ್ಟು 250. ಅಲ್ಲಿ ಸೋಲುವುದು ಸರಾಸರಿಯಿಂದ ಅಲ್ಲ, ಕಾರಣವಿಲ್ಲದೆ ಆಚೆ ಹಾರಿದ ಒಂದೋ ಎರಡೋ ಗುಂಡಿನಿಂದ. ಆದ್ದರಿಂದ 60ರಲ್ಲಿ ನಡುಬಿಂದುವಿನಿಂದ 10 ಮಿ.ಮೀ. ಆಚೆ ಹೋದವು ಎಷ್ಟು ಅಂತ ಬೇರೆಯಾಗಿ ಎಣಿಸಿ. ಸರಾಸರಿ ತುಸು ದೊಡ್ಡದಿದ್ದರೂ ಆಚೆ ಹಾರದ ಲಾಟ್ ನಾನು ಆರಿಸಿಕೊಳ್ಳುತ್ತೇನೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಖರ್ಚು? ಎಲ್ಲ ಸೇರಿ ಮುನ್ನೂರು ಗುಂಡಿನ ಆಸುಪಾಸು. ಕಡಿಮೆಯಲ್ಲ, ಒಪ್ಪುತ್ತೇನೆ. ಐದೈದು ಹೊಡೆದು ತಪ್ಪು ಲಾಟ್‌ನ ಸಾವಿರ ಗುಂಡು ಕೊಳ್ಳುವುದು ಅದಕ್ಕಿಂತ ದುಬಾರಿ. ಗೆಳೆಯರ ಡಬ್ಬಿಯಿಂದ ಹತ್ತು ಇಸಿದುಕೊಂಡು ನೋಡೋಣ ಅನ್ನಿಸಬಹುದು. ಬೇಡ, ಗುಂಡು ಕೈ ಬದಲಾಗುವುದೂ ಲೈಸೆನ್ಸ್ ಲೆಕ್ಕಕ್ಕೆ ಬರುವ ವಿಷಯ. ಫಲಿತಾಂಶ ಹಂಚಿಕೊಳ್ಳಿ, ಗುಂಡು ಬೇಡ. ರೇಂಜ್ ದೂರ ಅಂತ ಹೊಲದಲ್ಲಿ ಹೊಡೆಯುವ ಆಲೋಚನೆಯೂ ಬೇಡ. ಈ ಚಿಕ್ಕ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ನಮ್ಮ ಕಡೆ ಎಲ್ಲಿ ನೋಡಿದರೂ ಕಲ್ಲುಗುಡ್ಡ, ಬಂಡೆಗೆ ಬಡಿದ ಸೀಸ ಎತ್ತ ಚಿಮ್ಮುತ್ತೆ ಅಂತ ಯಾರೂ ಹೇಳಲಾರರು.

ಲಾಟ್ ಆಯ್ಕೆ ಆದ ಮೇಲೆ ಡಬ್ಬಿಯಿಂದ ಟ್ಯೂನರ್ ತೆಗೆಯಿರಿ. ಅದು ಮಾಡುವ ಕೆಲಸ ಇಷ್ಟು. ಗುಂಡು ಬ್ಯಾರೆಲ್ ಒಳಗೆ ಇರುವುದು ಎರಡೂವರೆ–ಮೂರು ಮಿಲಿಸೆಕೆಂಡ್. ಅಷ್ಟರಲ್ಲೇ ಬ್ಯಾರೆಲ್ ಕಂಪಿಸಿ ತುದಿ ಮೇಲೆ ಕೆಳಗೆ ಆಡುತ್ತಿರುತ್ತೆ. ಇದು ಹೊಸ ಸಂಗತಿಯಲ್ಲ, 1901ರಲ್ಲೇ ಮ್ಯಾಲಕ್ ಎಂಬ ವಿಜ್ಞಾನಿ ರೈಫಲ್ ಬ್ಯಾರೆಲ್‌ಗಳ ಕಂಪನದ ಬಗ್ಗೆ ಬರೆದಿದ್ದರು. ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ದೂರದ ಗುರಿಗೆ ಅಂದಾಜಿಗಿಂತ ಚೆನ್ನಾಗಿ ಹೊಡೆಯುತ್ತಿದ್ದುದಕ್ಕೂ ಇದನ್ನೇ ಕಾರಣ ಹೇಳುತ್ತಾರೆ. ತುದಿಯಲ್ಲಿ ಒಂದು ತೂಕ ಇಟ್ಟು ಅದನ್ನು ಹಿಂದೆ ಮುಂದೆ ಸರಿಸಿದರೆ ಆ ಆಟದ ಲಯ ಬದಲಾಗುತ್ತೆ. ತುದಿ ಮೇಲಕ್ಕೆ ಏರುತ್ತಿರುವ ಹೊತ್ತಿನಲ್ಲಿ ಗುಂಡುಗಳು ಹೊರಬಿದ್ದರೆ, ನಿಧಾನದ ಗುಂಡು ತುಸು ತಡವಾಗಿ, ತುಸು ಮೇಲ್ಮುಖವಾಗಿ ಹೊರಡುತ್ತೆ. ವೇಗದ್ದು ಮೊದಲೇ, ತುಸು ಕೆಳಮುಖವಾಗಿ. ನಿಧಾನದ ಗುಂಡು ದಾರಿಯಲ್ಲಿ ಹೆಚ್ಚು ಬಿದ್ದರೂ ಹೆಚ್ಚು ಎತ್ತರಕ್ಕೆ ಹೊರಟಿರುವುದರಿಂದ ಎರಡೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಹೀಗೆ ವೇಗದ ಏರುಪೇರನ್ನು ಒಂದಿಷ್ಟು ನುಂಗಿಹಾಕಬಹುದು.

ಇದರಿಂದ ಎರಡು ವಿಷಯ ತಾನಾಗಿಯೇ ಹೊರಡುತ್ತವೆ. ಟ್ಯೂನರ್ ಸರಿಮಾಡಬಲ್ಲದ್ದು ಮೇಲೆ ಕೆಳಗಿನ ಹರಡನ್ನು ಮಾತ್ರ. ಗಾಳಿಗೆ ಪಕ್ಕಕ್ಕೆ ಹೋದದ್ದು, ವಾಲಿಕೊಂಡು ಹೊರಟ ಕೆಟ್ಟ ಗುಂಡು, ಅದಕ್ಕೆ ಸಂಬಂಧವಿಲ್ಲ. "ಎಂಥ ಗುಂಡಾದರೂ ಒಂದೇ ತೂತಿನಲ್ಲಿ" ಅನ್ನುವುದು ಅಂಗಡಿಯ ಮಾತು. ಎರಡನೆಯದು, 50 ಮೀಟರ್‌ಗೆ ಕೂಡಿಸಿದ್ದು 25ಕ್ಕೂ 100ಕ್ಕೂ ಸರಿ ಇರುವುದಿಲ್ಲ. ದೂರ ಬದಲಾದರೆ ಗುಂಡು ಬೀಳುವ ಲೆಕ್ಕವೇ ಬದಲಾಗುತ್ತೆ.

ಟ್ಯೂನರ್ ಕೆಲಸ ಮಾಡುತ್ತಾ ಅನ್ನುವ ಬಗ್ಗೆ ತಿಳಿದವರಲ್ಲೇ ಜಗಳ ಇದೆ. .22 ಬೆಂಚ್‌ರೆಸ್ಟ್‌ನಲ್ಲಿ ದೊಡ್ಡ ಮಟ್ಟದಲ್ಲಿ ಹೊಡೆಯುವವರಲ್ಲಿ ಬಹುತೇಕರ ರೈಫಲ್ ತುದಿಯಲ್ಲಿ ಟ್ಯೂನರ್ ಇರುತ್ತೆ. ಇನ್ನೊಂದು ಕಡೆ, ಹೆಚ್ಚು ಗುಂಡು ಹೊಡೆದು ಲೆಕ್ಕ ಹಾಕಿದವರು ಗೆರೆ ಬದಲಾಯಿಸಿದ್ದಕ್ಕೆ ಗ್ರೂಪ್ ಬದಲಾದದ್ದು ಕಾಣಲಿಲ್ಲ ಅಂತಾರೆ. ನನ್ನ ಅಭಿಪ್ರಾಯ ಕೇಳಿದರೆ .22ನಲ್ಲಿ ಅದು ಕೆಲಸ ಮಾಡಬಲ್ಲದು, ಆದರೆ ಸಿಗುವ ಲಾಭ ಒಳ್ಳೆಯ ಲಾಟ್‌ನಿಂದ ಸಿಗುವುದಕ್ಕಿಂತ ಚಿಕ್ಕದು. ಗ್ರೂಪ್ ಅಳತೆಯಲ್ಲಿ ಅದನ್ನು ಹಿಡಿಯಲು ಹೋದರೆ ಗುಂಡು ಖಾಲಿಯಾಗುತ್ತೆ.

ಹಿಡಿಯಲು ಒಳ್ಳೆಯ ದಾರಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ಈಗಿನ ಚಿಕ್ಕ ರಾಡಾರ್ ಯಂತ್ರ ಬೆಂಚ್ ಪಕ್ಕದಲ್ಲಿಟ್ಟರೆ ಪ್ರತಿ ಗುಂಡಿನ ವೇಗ ತೋರಿಸುತ್ತೆ. ನಿಮ್ಮ ಬಳಿ ಇಲ್ಲದಿದ್ದರೆ ರೇಂಜ್‌ನಲ್ಲಿ ಯಾರ ಬಳಿಯಾದರೂ ಇರುತ್ತೆ, ಅರ್ಧ ದಿನಕ್ಕೆ ಕೇಳಿ. ಗಾಳಿ ಇಲ್ಲದ ಬೆಳಿಗ್ಗೆ, ಒಂದೇ ಲಾಟ್, ಒಂದೇ ಗೆರೆಯಲ್ಲಿ 40 ಗುಂಡು. ಯಾವ ಗುಂಡು ಯಾವ ತೂತು ಅಂತ ಗೊತ್ತಾಗಬೇಕು, ಆದ್ದರಿಂದ 25 ಗುರಿಯ ಎರಡು ಕಾರ್ಡ್‌ಗಳಲ್ಲಿ ಒಂದು ಗುರಿಗೆ ಒಂದೇ ಹೊಡೆಯಿರಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವೇಗ, ಉದ್ದಕ್ಕೆ ಗುಂಡು ಬಿದ್ದ ಎತ್ತರ. ನಲವತ್ತು ಚುಕ್ಕೆ ಇಟ್ಟು ನಡುವೆ ಒಂದು ಗೆರೆ ಎಳೆಯಿರಿ. ವೇಗ ಒಂದೊಂದು ಮೀಟರ್ ಹೆಚ್ಚಾದಾಗ ಹಾಳೆಯ ಗೆರೆ 0.8 ಮಿ.ಮೀ.ಯಷ್ಟು ಏರುತ್ತಾ ಹೋದರೆ, ನೀವು ಕೂಡಿಸಿದ ಕಡೆ ಟ್ಯೂನರ್ ಏನೂ ಮಾಡುತ್ತಿಲ್ಲ. ಗೆರೆ ಮಟ್ಟಸವಾಗಿ ಮಲಗಿದರೆ ಮಾಡುತ್ತಿದೆ. ಅರ್ಧಕ್ಕೆ ಏರಿದರೆ ಅರ್ಧ ಕೆಲಸ. ಗ್ರೂಪ್ ಅಳತೆ ನೂರು ಗುಂಡಿನಲ್ಲೂ ಹೇಳಲು ತಿಣುಕುವುದನ್ನು ಈ ಹಾಳೆ ನಲವತ್ತರಲ್ಲಿ ಹೇಳುತ್ತೆ. ಮೊದಲು ಟ್ಯೂನರ್ ಇಲ್ಲದೆ ಒಂದು ಹಾಳೆ ಮಾಡಿ. ಕೆಲವು ಬ್ಯಾರೆಲ್‌ಗಳಲ್ಲಿ ಅಲ್ಲೇ ಗೆರೆ ಅರ್ಧ ಮಲಗಿರುತ್ತೆ, ಅಂಥವರಿಗೆ ಟ್ಯೂನರ್‌ನಿಂದ ಸಿಗುವುದು ಇನ್ನೂ ಕಡಿಮೆ. ಆಮೇಲೆ ಟ್ಯೂನರ್‌ನ ದೂರ ದೂರದ ನಾಲ್ಕು ಗೆರೆಗಳಲ್ಲಿ ಒಂದೊಂದು ಹಾಳೆ. ಹತ್ತಿರದ ಎರಡು ಕ್ಲಿಕ್‌ಗಳ ನಡುವೆ ಹುಡುಕುತ್ತಾ ಕೂರಬೇಡಿ.

ಕ್ರೋನೋಗ್ರಾಫ್ ಸಿಗಲೇ ಇಲ್ಲ ಅಂದರೆ ಹುಡುಗನನ್ನು ಕರೆದುಕೊಂಡು ಹೋಗಿ. ಅವನು ಟ್ಯೂನರ್‌ನ ಗೆರೆ ಕಾಣದ ಹಾಗೆ ಟೇಪ್ ಸುತ್ತಿ, ಪ್ರತಿ ಹತ್ತು ಗುಂಡಿಗೊಮ್ಮೆ 0ಕ್ಕೋ 120ಕ್ಕೋ ತನ್ನ ಮನಸ್ಸಿಗೆ ಬಂದ ಕಡೆ ತಿರುಗಿಸಲಿ. ರೈಫಲ್ ಖಾಲಿ, ಬೋಲ್ಟ್ ತೆಗೆದಿಟ್ಟು, ಆಮೇಲೆಯೇ ತುದಿಗೆ ಕೈ ಹಾಕಬೇಕು. ಯಾವುದಕ್ಕೆ ಇಟ್ಟ ಅಂತ ಅವನೇ ಬರೆದುಕೊಳ್ಳಲಿ, ನಿಮಗೆ ಹೇಳದಿರಲಿ. ಎರಡಕ್ಕೂ ಐವತ್ತು ಐವತ್ತು ಆದ ಮೇಲೆ ಮೇಲೆ ಕೆಳಗಿನ ಹರಡು ಮಾತ್ರ ಅಳೆಯಿರಿ. ಗೆರೆ ಗೊತ್ತಿದ್ದರೆ ಕೈ ತಾನಾಗಿಯೇ ಆ ಗೆರೆಯ ಪರ ಹೊಡೆಯುತ್ತೆ ನೋಡ್ರಿ, ಎಷ್ಟೇ ಪ್ರಾಮಾಣಿಕರಾದರೂ.

ಟ್ಯೂನರ್‌ನ ಅಪಾಯಗಳನ್ನೂ ಹೇಳುತ್ತೇನೆ. ಇನ್ನೂರು ಗ್ರಾಂ ಆಸುಪಾಸಿನ ತೂಕ ತುದಿಗೆ ಬಂದರೆ ರೈಫಲ್ ಚೀಲದ ಮೇಲೆ ಕೂರುವ ಸಮತೋಲ ಬದಲಾಗುತ್ತೆ. ಹಿಂದಿನ ಚೀಲ ಮತ್ತೆ ಸರಿಮಾಡಬೇಕು. ಗೆರೆ ತಿರುಗಿಸಿದಾಗಲೆಲ್ಲ ಜೀರೋ (ಗುರಿ ಹಿಡಿದ ಕಡೆಗೇ ಗುಂಡು ಬೀಳುವ ಹೊಂದಿಕೆ) ಸರಿಯುತ್ತೆ, ಸ್ಪರ್ಧೆಯ ನಡುವೆ ಮುಟ್ಟಬೇಡಿ. ಬಿಗಿತ ಸಡಿಲಾದ ಟ್ಯೂನರ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ನಿಮ್ಮದು ಹೊರಗಿಂದ ಬಿಗಿಯುವಂಥದ್ದು, ಒಳ್ಳೆಯದಾಯಿತು. ಥ್ರೆಡ್ ಹಾಕಿಸುವ ಮಾದರಿ ಚೆನ್ನಾಗಿ ಕೂರುತ್ತೆ ಅಂತ ಯಾರಾದರೂ ಲೇತ್ ಅಂಗಡಿಗೆ ಕರೆದುಕೊಂಡು ಹೋದರೆ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ರಿಪೇರಿ, ಮಾರ್ಪಾಡಿಗೂ ಲೈಸೆನ್ಸ್ ಬೇಕು. ಬ್ಯಾರೆಲ್ ತುಂಡು ಮಾಡುವುದಕ್ಕಂತೂ ಬೇರೆಯೇ ಕಲಂ ಇದೆ. ಗೊತ್ತಿಲ್ಲದೆ ಮಾಡಿಸಿದ ಕೆಲಸಕ್ಕೆ ರೈಫಲ್ಲೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ. ಆ ದಾರಿ ಬೇಕೇ ಬೇಕಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ, ಕಾಗದ ಪತ್ರ ಸಮೇತ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ತಿಂಗಳು ಬ್ಯಾರೆಲ್ ಬಾಯಿ, ಮಸಿ, ಸ್ಕ್ರೂ, ಪ್ಯಾರಲಾಕ್ಸ್ ನೋಡಿಕೊಳ್ಳುತ್ತಿದ್ದೆ. ಹೊಸದಾಗಿ ಏನೂ ಕೊಳ್ಳುತ್ತಿರಲಿಲ್ಲ. ಇರುವ ನಾಲ್ಕು ಲಾಟ್‌ನಲ್ಲಿ ಎಷ್ಟೆಷ್ಟು ಗುಂಡು ಉಳಿದಿದೆ ಎಣಿಸಿ. 60ಕ್ಕಿಂತ ಕಡಿಮೆ ಉಳಿದ ಲಾಟ್ ಚೆನ್ನಾಗಿ ಬಂದರೂ ಪ್ರಯೋಜನವಿಲ್ಲ. ಪರೀಕ್ಷೆ ಮುಗಿಯುವಷ್ಟರಲ್ಲಿ ಅದೂ ಮುಗಿದಿರುತ್ತೆ. ಅದೇ ನಂಬರ್‌ನದು ಇನ್ನೂ ಸ್ಟಾಕ್ ಇದೆಯಾ ಅಂತ ಮಾರಿದವರನ್ನು ಮೊದಲೇ ಕೇಳಿ, ಇದೆ ಅಂದರೆ ಮಾತ್ರ ಪರೀಕ್ಷೆಗೆ ಸೇರಿಸಿ.